ಆರ್.ಎಚ್. ಅಂದರೇನು? ‘ರೆ’, ‘ರಿ’, ‘ರೀ’ಗಳ ನಡುವೆ ಒಂದು ಕ್ಯಾಂಪಿನ ಚರಿತ್ರೆ

ತಪ್ಪು ನನ್ನದೇ. ಕಾಲುವೆಯ ಕೊನೆಭಾಗಕ್ಕೆ ನೀರು ಮುಟ್ಟಿಲ್ಲ ಎಂದು ಆರ್.ಎಚ್. ಕ್ಯಾಂಪಿನ ಕಡೆಯಿಂದ ನಾಲ್ಕು ಪ್ಯಾರಾದ ಸುದ್ದಿ ಕಳಿಸಿದ್ದೆ. ತಲೆಬರಹ ‘ನಿರಾಶ್ರಿತರ ಭತ್ತಕ್ಕೆ ನೀರಿಲ್ಲ’ ಅಂತ. ಮರುದಿನ ಬೆಳಿಗ್ಗೆ ಕ್ಯಾಂಪಿನ ಹಿರಿಯರೊಬ್ಬರ ಫೋನು ಬಂತು.

“ತಮ್ಮಾ, ಸುದ್ದಿ ಚಲೋ ಬರದೀದಿ. ಆದ್ರ ಒಂದು ಮಾತು ಕೇಳ್ತೀನಿ. ನಿರಾಶ್ರಿತ ಅಂದ್ರ ಆಶ್ರಯ ಇಲ್ಲದಾವ, ಹೌದಲ್ಲೋ? ನಾವು ಬಂದು ಐವತ್ತು ವರ್ಷದ ಮ್ಯಾಲಾತು. ಮನಿ ಐತಿ, ಹೊಲ ಐತಿ, ಮೊಮ್ಮಕ್ಕಳು ಇಲ್ಲೇ ಹುಟ್ಯಾರ. ಇನ್ನೂ ಎಷ್ಟು ದಿನ ನಿರಾಶ್ರಿತರು?”

“ಕಾಕಾ, ಅದು ರೆಫ್ಯೂಜಿ ಅನ್ನೋದಕ್ಕ ಕನ್ನಡ ಮಾತು ರೀ” ಅಂದೆ.

“ಹಂಗಾರ ರೆಫ್ಯೂಜಿ ಅಂದ್ರೇನು? ನಮ್ಮ ಬೋರ್ಡಿನ್ಯಾಗ ಆರ್.ಎಚ್. ಅಂತ ಐತಲ್ಲ, ಅದೂ ರೆಫ್ಯೂಜಿನೇ ಏನು?”

ಅಲ್ಲ ಅಂತ ಗೊತ್ತಿತ್ತು. ಬಿಡಿಸಿ ಹೇಳು ಅಂದರೆ ಬರಲಿಲ್ಲ. (ಅವರನ್ನು ‘ಕಾಕಾ’ ಅಂದದ್ದಕ್ಕೆ ಮಾತ್ರ ಬೈಸಿಕೊಳ್ಳಲಿಲ್ಲ. ನಮ್ಮ ರಾಯಚೂರು ಸೀಮೆಯಲ್ಲಿ ಅಪ್ಪನ ತಮ್ಮ ಕಾಕಾ, ಬಂಗಾಳಿಯಲ್ಲೂ ಅಪ್ಪನ ತಮ್ಮ ಕಾಕಾ.) ಆಮೇಲೆ ಡಿಕ್ಷನರಿ ತೆಗೆದು ಕೂತೆ. ಇಂಗ್ಲಿಷಿನಲ್ಲಿ ‘ಆರ್’, ‘ಇ’ ಅಕ್ಷರಗಳಿಂದ ಶುರುವಾಗುವ ಹತ್ತು ಹದಿನೈದು ನಾಮಪದಗಳಲ್ಲಿ ಈ ಕ್ಯಾಂಪಿನ ಇಡೀ ಕತೆ ಇದೆ ಅನ್ನಿಸಿತು. ಆ ಪದಗಳನ್ನು ನಾವು ಹೇಗೆ ಉಚ್ಚರಿಸುತ್ತೇವೆ, ಇಂಗ್ಲಿಷಿನವರು ಹೇಗೆ, ಬಂಗಾಳಿಯವರು ಹೇಗೆ ಅನ್ನುವುದರಲ್ಲೂ ಅಷ್ಟೇ ಕತೆ ಇದೆ.

ಮೊದಲು ಬೋರ್ಡಿನ ಮಾತು. ಆರ್.ಎಚ್. ಅಂದರೆ ರಿಹ್ಯಾಬಿಲಿಟೇಷನ್. ಕನ್ನಡದಲ್ಲಿ ಪುನರ್ವಸತಿ. ಒಂದೇ ಪದಕ್ಕೆ ಎರಡು ಅಕ್ಷರ ಯಾಕೆ ಅಂತ ಕೇಳಬಹುದು. ಉದ್ದದ ಪದವನ್ನು ಮಧ್ಯಕ್ಕೆ ಮುರಿದು ಎರಡಕ್ಷರ ಮಾಡುವುದು ಸರ್ಕಾರಿ ಕಾಗದದ ಹಳೇ ಚಾಳಿ. ಟೆಲಿವಿಷನ್ ಒಂದೇ ಪದ, ಟಿ.ವಿ. ಆಯಿತು. ತುಂಗಭದ್ರಾ ಒಂದೇ ಹೆಸರು, ಇಂಗ್ಲಿಷಿನಲ್ಲಿ ಬರೆದು ಟಿ.ಬಿ. ಡ್ಯಾಂ ಮಾಡಿದರು. ಹಾಗೆಯೇ ರಿಹ್ಯಾಬಿಲಿಟೇಷನ್‌ನಲ್ಲಿ ಮೊದಲನೆಯ ಅಕ್ಷರ ಆರ್, ಮೂರನೆಯದು ಎಚ್. ಟಿ.ಬಿ. ಡ್ಯಾಂ ನೀರು ಕುಡಿಯುವ ಆರ್.ಎಚ್. ಕ್ಯಾಂಪು: ನಮ್ಮ ತಾಲೂಕಿನಲ್ಲಿ ಮುರಿದ ಪದಗಳದ್ದೇ ರಾಜ್ಯ. ಆಸ್ಪತ್ರೆಯ ರಕ್ತದ ಚೀಟಿಯಲ್ಲಿ ಬರುವ ಆರ್.ಎಚ್. ಬೇರೆ, ಅದು ರೀಸಸ್ ಎಂಬ ಜಾತಿಯ ಕೋತಿಯಿಂದ ಬಂದ ಹೆಸರು. ಸರ್ಕಾರಿ ನೌಕರರು ‘ನಾಳೆ ಆರ್.ಎಚ್. ಹಾಕೀನಿ’ ಅಂದರೆ ಅದು ನಿರ್ಬಂಧಿತ ರಜೆ.

ಈಗ ಉಚ್ಚಾರ. ಇಂಗ್ಲಿಷಿನಲ್ಲಿ ‘ಆರ್’, ‘ಇ’ ಎರಡೇ ಅಕ್ಷರ ಕೂಡಿದರೂ ಬಾಯಿಂದ ಮೂರು ಥರ ಹೊರಡುತ್ತದೆ: ರೆ, ರಿ, ರೀ. ಕನ್ನಡದವರಿಗೆ ಇದು ತಲೆನೋವು. ನಮ್ಮಲ್ಲಿ ಬರೆದ ಹಾಗೆ ಓದುತ್ತೇವೆ. ಇಂಗ್ಲಿಷಿನಲ್ಲಿ ಪದದ ಯಾವ ಭಾಗದ ಮೇಲೆ ದನಿಯ ಒತ್ತು ಬೀಳುತ್ತದೆ ಅನ್ನುವುದರ ಮೇಲೆ ಸ್ವರ ಬದಲಾಗುತ್ತದೆ.

ಡಿಕ್ಷನರಿಯಲ್ಲಿ ‘ಆರ್, ಇ, ಎಫ್, ಯು’ ಎಂಬ ನಾಲ್ಕಕ್ಷರ ಹುಡುಕಿ ನೋಡಿ. ಹತ್ತಿರ ಹತ್ತಿರವೇ ಐದು ನಾಮಪದ ಸಿಗುತ್ತವೆ. ರೆಫ್ಯೂಜ್ ಅಂದರೆ ಆಸರೆ. ರೆಫ್ಯುಜೀ ಅಂದರೆ ಆಸರೆ ಹುಡುಕಿ ಬಂದವ. ರೆಫ್ಯೂಸ್ ಅಂದರೆ ಕಸ. ರಿಫ್ಯೂಝಲ್ ಅಂದರೆ ಒಲ್ಲೆ ಅನ್ನುವುದು. ರೀಫಂಡ್ ಅಂದರೆ ವಾಪಸ್ ಬಂದ ದುಡ್ಡು. ನಾಲ್ಕಕ್ಷರ ಒಂದೇ, ಮೊದಲ ದನಿ ಮೂರು ಬಗೆ. ಒತ್ತು ‘ರೆ’ ಮೇಲೆ ಬಿದ್ದರೆ ರೆಫ್ಯೂಜ್, ರೆಫ್ಯೂಸ್. ಒತ್ತು ಎರಡನೆಯ ಭಾಗಕ್ಕೆ ಸರಿದರೆ ಮೊದಲನೆಯದು ಸೊರಗಿ ‘ರಿ’ ಆಗುತ್ತದೆ: ರಿಫ್ಯೂಝಲ್. ‘ಮತ್ತೆ’, ‘ಹಿಂದಕ್ಕೆ’ ಅನ್ನುವ ಅರ್ಥ ಇನ್ನೂ ಎದ್ದು ಕಾಣುತ್ತಿದ್ದರೆ ಬಹಳ ಸಲ ‘ರೀ’: ರೀಫಂಡ್, ರೀಸರ್ವೆ, ರೀಸೆಟಲ್‌ಮೆಂಟ್. ಇದು ನೂರಕ್ಕೆ ನೂರು ನಿಯಮವಲ್ಲ, ಆದರೆ ಬಹುಪಾಲು ಕೈ ಹಿಡಿಯುತ್ತದೆ.

ರೆಫ್ಯೂಸ್ ಎಂಬ ಪದದ ಬಗ್ಗೆ ಇನ್ನೊಂದು ಮಾತು. ಅದೇ ಸ್ಪೆಲಿಂಗನ್ನು ಕ್ರಿಯಾಪದವಾಗಿ ಓದಿದರೆ ರಿಫ್ಯೂಝ್, ಅಂದರೆ ನಿರಾಕರಿಸು. ನಾಮಪದವಾಗಿ ಓದಿದರೆ ರೆಫ್ಯೂಸ್, ಅಂದರೆ ಬೇಡವೆಂದು ಬಿಸಾಕಿದ ಕಸ. ರೆಫ್ಯೂಜ್ ಮತ್ತು ರೆಫ್ಯೂಸ್ ನಡುವೆ ಇರುವುದು ಒಂದಕ್ಷರ. ಆಸರೆಗೂ ಕಸಕ್ಕೂ ಒಂದಕ್ಷರ. ಇದನ್ನು ಓದಿದಾಗ ನನಗೆ ಆ ಫೋನು ನೆನಪಾಯಿತು.

ರೆಫ್ಯುಜೀ ಪದ ಹುಟ್ಟಿದ್ದು ಬಂಗಾಳದಿಂದ ಬಹಳ ದೂರ. 1685ರಲ್ಲಿ ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿ, ಪ್ರಾಟೆಸ್ಟಂಟ್ ಕ್ರೈಸ್ತರಿಗೆ ರಕ್ಷಣೆ ಕೊಟ್ಟಿದ್ದ ನಾಂಟ್ ಎಂಬ ಊರಿನ ಹೆಸರಿನ ಹಳೇ ಶಾಸನವನ್ನು ರದ್ದು ಮಾಡಿದ. ಹ್ಯೂಗೆನಾಟ್ ಎಂದು ಕರೆಯುತ್ತಿದ್ದ ಆ ಜನ ಗುಂಪು ಗುಂಪಾಗಿ ಇಂಗ್ಲೆಂಡಿಗೆ, ಬೇರೆ ದೇಶಗಳಿಗೆ ಓಡಿದರು. ಅವರನ್ನು ಕರೆಯಲು ಫ್ರೆಂಚ್ ಪದವೇ ಇಂಗ್ಲಿಷಿಗೆ ಬಂತು. ಅದರ ಬೇರು ಲ್ಯಾಟಿನ್ನಿನ ‘ಫುಗೆರೆ’, ಅಂದರೆ ಓಡಿಹೋಗು. ಅವರಲ್ಲಿ ರೇಷ್ಮೆ ನೇಕಾರರು ಬಹಳ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಎಂಬಲ್ಲಿ ಮಗ್ಗ ಹೂಡಿ ಆ ಕೇರಿಯನ್ನೇ ರೇಷ್ಮೆಗೆ ಹೆಸರು ಮಾಡಿದರು. ಬಂದವರು ಕೈಯಲ್ಲಿ ಕಸುಬು ತಂದಿರುತ್ತಾರೆ. ನಮ್ಮ ಕ್ಯಾಂಪಿಗೆ ಬಂದವರು ಭತ್ತದ ನಾಡಿನವರು, ನೀರಿನ ನಾಡಿನವರು. ಅವರಿಗೆ ಭತ್ತ ನಾಟಿ ಮಾಡುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಇಂಗ್ಲಿಷಿನವರು ಈ ಪದದಲ್ಲಿ ಒತ್ತು ಕೊಡುವುದು ಕೊನೆಯ ‘ಜೀ’ ಮೇಲೆ. ಬ್ಯಾಂಕಿನಲ್ಲಿ ನಾವು ‘ನಾಮಿನಿ’ ಅನ್ನುತ್ತೇವಲ್ಲ, ಅದೂ ಅವರ ಬಾಯಲ್ಲಿ ‘ನಾಮಿನೀ’. ಕೊನೆಗೆ ಎರಡು ‘ಇ’ ಬಂದ ಇಂಥ ಪದಗಳಲ್ಲಿ ಬಹಳಷ್ಟು, ಇನ್ನೊಬ್ಬರು ಮಾಡಿದ ಕೆಲಸ ತನ್ನ ಮೇಲೆ ಬಿದ್ದವನ ಹೆಸರು. ಕೆಲಸ ಕೊಡಿಸಿಕೊಂಡವ, ತರಬೇತಿ ಪಡೆದವ, ಹೆಸರು ಸೂಚಿಸಲ್ಪಟ್ಟವ. ಬಂಗಾಳಿಯಲ್ಲಿ ಇದೇ ಪದ ‘ರಿಫಿಉಜಿ’. ಆ ಭಾಷೆಯಲ್ಲಿ ಹ್ರಸ್ವ ದೀರ್ಘ ಬರೆಯುತ್ತಾರೆ, ಆಡುವಾಗ ನಮ್ಮ ಹಾಗೆ ಅಷ್ಟು ಭೇದ ಮಾಡುವುದಿಲ್ಲ. ಹಾಗಾಗಿ ರಿ, ರೀ ಎರಡೂ ಅವರಿಗೆ ಒಂದೇ. ಕ್ಯಾಂಪಿನ ಹಿರಿಯರ ಬಾಯಲ್ಲಿ ‘ರಿಫಿಉಜಿ’ ಕೇಳಿದರೆ ನಗಬೇಡಿ. ನಾವು ‘ರೆಫ್ಯೂಜಿ’ ಅನ್ನುವಾಗಲೂ ಒತ್ತು ತಪ್ಪೇ ಇರುತ್ತದೆ.

ಬಂಗಾಳಿಯಲ್ಲಿ ಇನ್ನೆರಡು ಪದ ಇವೆ. ಒಂದು ಶರಣಾರ್ಥಿ, ಅದನ್ನು ನಮಗೆ ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ‘ಉದ್ಬಾಸ್ತು’. ಅವರಲ್ಲಿ ‘ವ’ ಇಲ್ಲ, ‘ಬ’ ಆಗುತ್ತದೆ. ಅಂದರೆ ಉದ್ವಾಸ್ತು. ನಾವು ಮನೆ ಕಟ್ಟುವಾಗ ನೋಡುತ್ತೇವಲ್ಲ ವಾಸ್ತು, ಅದೇ ಪದ. ತಲೆತಲಾಂತರದ ಮನೆಯ ಅಡಿಪಾಯದಿಂದ ಕಿತ್ತು ಬಂದವ ಅಂತ ಅರ್ಥ. ಮೂರೂ ಪದ ಪಕ್ಕದಲ್ಲಿಟ್ಟು ನೋಡಿ. ಇಂಗ್ಲಿಷ್ ಪದ ಅವನು ಓಡಿದ್ದನ್ನು, ಸೇರಿದ ಆಸರೆಯನ್ನು ಹೇಳುತ್ತದೆ. ಬಂಗಾಳಿ ಪದ ಅವನು ಕಳೆದುಕೊಂಡ ಮನೆಯನ್ನು ಹೇಳುತ್ತದೆ. ಕನ್ನಡದ ‘ನಿರಾಶ್ರಿತ’ ಮಾತ್ರ ಆಸರೆ ಇಲ್ಲ ಅಂತ ಈಗಲೂ ಹೇಳುತ್ತಲೇ ಇದೆ. ಕಾಕಾಗೆ ಸಿಟ್ಟು ಬಂದದ್ದರಲ್ಲಿ ಅರ್ಥವಿದೆ.

ಸರ್ಕಾರವಾದರೂ ರೆಫ್ಯೂಜಿ ಅಂತ ಬರೆಯಿತೇ ಅಂದರೆ, ಕಾನೂನಿನ ಕಾಗದದಲ್ಲಿ ಅದು ಇಷ್ಟಪಟ್ಟದ್ದು ಬೇರೆ ಪದ. ದೇಶ ಒಡೆದ ಮೇಲೆ 1947ರ ಸೆಪ್ಟೆಂಬರಿನಲ್ಲೇ ರಿಲೀಫ್ ಮತ್ತು ರಿಹ್ಯಾಬಿಲಿಟೇಷನ್ ಎಂಬ ಸಚಿವಾಲಯ ತೆರೆದರು. 1954ರಲ್ಲಿ ಪರಿಹಾರ ಮತ್ತು ಪುನರ್ವಸತಿಯ ಕಾಯ್ದೆ ಬಂತು. ಅದರ ಹೆಸರಿನಲ್ಲಿ ಇರುವುದು ‘ಡಿಸ್‌ಪ್ಲೇಸ್ಡ್ ಪರ್ಸನ್ಸ್’, ಅಂದರೆ ಜಾಗ ತಪ್ಪಿದವರು. ಪೂರ್ವ ಪಾಕಿಸ್ತಾನದಿಂದ ಬಂದವರನ್ನು ಬಂದ ಇಸವಿ ನೋಡಿ ವಿಂಗಡಿಸಿದರು. 1964ರ ಜನವರಿಯಲ್ಲಿ ಖುಲ್ನಾ, ಢಾಕಾ ಕಡೆ ಗಲಭೆಯಾಗಿ ದೊಡ್ಡ ಅಲೆ ಬಂತು. 1964ರ ಜನವರಿ 1ರಿಂದ 1971ರ ಮಾರ್ಚ್ 25ರ ನಡುವೆ ಬಂದವರು ‘ಹೊಸ ವಲಸಿಗರು’. ಪಶ್ಚಿಮ ಬಂಗಾಳದಲ್ಲಿ ಜಾಗವಿಲ್ಲ, ಹೊರಗಿನ ರಾಜ್ಯಕ್ಕೆ ಹೋಗುವುದಾದರೆ ಮಾತ್ರ ಪುನರ್ವಸತಿ ಅನ್ನುವ ಷರತ್ತು ಇವರಿಗೆ. ಬಹಳ ಜನ ಮೊದಲು ಇಳಿದದ್ದು ರಾಯಪುರದ ಹತ್ತಿರದ ಮಾನಾ ಕ್ಯಾಂಪಿನಲ್ಲಿ. ಅಲ್ಲಿಂದ ಬೇರೆ ಬೇರೆ ಕಡೆ ಹಂಚಿದರು. 1958ರಲ್ಲೇ ಶುರುವಾಗಿದ್ದ ದಂಡಕಾರಣ್ಯ ಯೋಜನೆ ಇದಕ್ಕೆಂದೇ ಇತ್ತು. ರಾಮಾಯಣದ ಕಾಡಿನ ಹೆಸರು, ಕಲ್ಲು ನೆಲ. ಅಲ್ಲಿ ಇರಲಾರೆವು ಅಂದ ಸಾವಿರಾರು ಜನ 1978ರಲ್ಲಿ ವಾಪಸ್ ಹೋಗಿ ಸುಂದರಬನದ ಮರೀಚ್‌ಝಾಪಿ ದ್ವೀಪ ಸೇರಿದರು. 1979ರಲ್ಲಿ ಪೊಲೀಸರು ಅವರನ್ನು ಅಲ್ಲಿಂದ ಎಬ್ಬಿಸಿದರು, ಗುಂಡು ಹಾರಿತು. ರಿಫ್ಯೂಝಲ್ ಪದಕ್ಕೆ ಅವರು ಕೊಟ್ಟ ಬೆಲೆ ಅದು.

ಸಿಂಧನೂರಿಗೆ ಬಂದವರ ಪಾಲಿಗೆ ಒಂದು ಅನುಕೂಲ ಇತ್ತು, ನೀರು. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಹೈದರಾಬಾದ್ ನಿಜಾಮರ ಸರ್ಕಾರ ಮತ್ತು ಮದ್ರಾಸ್ ಸರ್ಕಾರ ಕೂಡಿ ಶುರು ಮಾಡಿದ್ದು. 1953ರ ಹೊತ್ತಿಗೆ ನೀರು ನಿಂತಿತು. ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರ್ ಹರಿದು ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನವರೆಗೆ ಬರುತ್ತದೆ. ಜೋಳ, ಸಜ್ಜೆ ಬೆಳೆಯುತ್ತಿದ್ದ ಕರಿನೆಲದಲ್ಲಿ ಭತ್ತ ಬಂತು. ಅದರ ಬೆನ್ನಿಗೆ ಆಂಧ್ರದ ಕಡೆಯಿಂದ ರೈತರು ಬಂದು ಜಮೀನು ಕೊಂಡು ಬಿಡಾರ ಹೂಡಿದರು. ಅವೂ ಕ್ಯಾಂಪುಗಳೇ. ತಾಲೂಕಿನ ನಕ್ಷೆ ನೋಡಿದರೆ ಊರಿಗೊಂದು ಕ್ಯಾಂಪು. ಹಾಗಾಗಿ ಬಂಗಾಳಿಗಳು ಬಂದಾಗ ‘ಕ್ಯಾಂಪ್’ ಇಲ್ಲಿನವರಿಗೆ ಹೊಸ ಪದವಾಗಿರಲಿಲ್ಲ. ಅದಕ್ಕೂ ಮೊದಲು ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆಯ ದಂಡು ಇತ್ತು. ಜನ ಅದಕ್ಕೆ ಛಾವಣಿ ಅನ್ನುತ್ತಿದ್ದರು. ಛಾವಣಿ ಅಂದರೆ ಮನೆಯ ಮಾಡೂ ಹೌದು, ದಂಡು ಇಳಿದ ಜಾಗವೂ ಹೌದು. ಇಂಗ್ಲಿಷಿನ ಕ್ಯಾಂಪ್ ಲ್ಯಾಟಿನ್ನಿನ ‘ಕಾಂಪುಸ್’ನಿಂದ ಬಂತು, ಅಂದರೆ ಬಯಲು, ಹೊಲ. ಹೊಲದಲ್ಲಿ ಸೈನ್ಯ ಇಳಿಯಿತು, ಅದು ಕ್ಯಾಂಪ್ ಆಯಿತು. ಸಿಂಧನೂರಿನಲ್ಲಿ ಕ್ಯಾಂಪು ಮತ್ತೆ ಹೊಲವಾಯಿತು.

ಕ್ಯಾಂಪ್, ಕೆನಾಲ್ ಎರಡೂ ‘ಸಿ, ಎ’ಯಿಂದ ಶುರು. ಮೊದಲನೆಯದರಲ್ಲಿ ಬಾಯಿ ಅಗಲಿಸಿ ‘ಕ್ಯಾ’. ಎರಡನೆಯದರಲ್ಲಿ ಒತ್ತು ಕೊನೆಗೆ ಇರುವುದರಿಂದ ಮೊದಲ ಭಾಗ ಬರೇ ‘ಕ’: ಇಂಗ್ಲಿಷಿನವರು ‘ಕನ್ಯಾಲ್’ ಎಂಬಂತೆ ಹೇಳುತ್ತಾರೆ. ನಾವು ಕೆನಾಲ್ ಅನ್ನುತ್ತೇವೆ, ಅಡ್ಡಿಯಿಲ್ಲ. ಅದರ ಮೂಲದಲ್ಲಿ ಜೊಂಡಿನ ಕೊಳವೆ ಅನ್ನುವ ಅರ್ಥವಿದೆ. ನಮ್ಮ ಉಪಕಾಲುವೆಗಳಲ್ಲಿ ಈಗ ನೀರಿಗಿಂತ ಜೊಂಡೇ ಜಾಸ್ತಿ ಬೆಳೆದಿದೆ. ಪದ ತನ್ನ ಮೂಲಕ್ಕೆ ಹೋಗಿದೆ ಅನ್ನಿ.

ಮತ್ತೆ ‘ಆರ್, ಇ’ಗೆ ಬರೋಣ. ಡ್ಯಾಮಿನ ಹಿಂದೆ ನಿಂತ ನೀರಿಗೆ ಇಂಗ್ಲಿಷಿನಲ್ಲಿ ಇರುವ ಪದ ಫ್ರೆಂಚಿನದು. ಆದ್ದರಿಂದ ಕೊನೆಯಲ್ಲಿ ‘ವಾಯರ್’ ಇಲ್ಲ, ‘ವಾರ್’ ಇದೆ: ರೆಝರ್‌ವಾರ್. ನಾವು ರಿಸರ್ವಾಯರ್ ಅನ್ನುವುದು ಸ್ಪೆಲಿಂಗ್ ನೋಡಿ. ಡಿಪ್ಲೊಮಾ ಓದುವಾಗ ನಾನೂ ತರಗತಿಯಲ್ಲಿ ಎದ್ದು ನಿಂತು ಹಾಗೇ ಓದಿದ್ದೆ, ಪಟ್ಟಣದ ಹುಡುಗರು ನಕ್ಕಿದ್ದರು. ಅವರೂ ಸರಿಯಾಗಿ ಹೇಳುತ್ತಿರಲಿಲ್ಲ ಅಂತ ತಿಳಿದದ್ದು ಆಮೇಲೆ. ಪದದ ಅರ್ಥ ‘ಹಿಂದಕ್ಕೆ ಇಟ್ಟುಕೊಂಡದ್ದು’. ತುಂಗಭದ್ರೆಯಲ್ಲಿ ಹಾಗೆ ಇಟ್ಟುಕೊಳ್ಳಲು ಮೊದಲು ಲೆಕ್ಕ ಹಾಕಿದ್ದು ಸುಮಾರು 133 ಟಿಎಂಸಿ, ಹೂಳು ತುಂಬಿ ಈಗ 105ರ ಆಸುಪಾಸು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ಇಡೀ ತಾಲೂಕು ನಿದ್ದೆಗೆಟ್ಟಿತ್ತು. ಕನ್ನಡಿಗರು, ತೆಲುಗರು, ಬಂಗಾಳಿಗಳು ಎಲ್ಲರ ಫೋನಿನಲ್ಲೂ ಅದೇ ವಿಡಿಯೊ.

ಇದೇ ‘ಹಿಂದಕ್ಕೆ ಇಟ್ಟುಕೋ’ ಎಂಬ ಬೇರಿನಿಂದ ಇನ್ನೊಂದು ಪದ ಬಂದಿದೆ, ರೆಝರ್ವೇಷನ್. ಮೀಸಲಾತಿ. (ರಿಝರ್ವ್ ಅನ್ನುವಾಗ ರಿ, ರೆಝರ್ವೇಷನ್ ಅನ್ನುವಾಗ ರೆ. ಒತ್ತಿನ ಆಟ ಅಲ್ಲೂ ಇದೆ.) ಕ್ಯಾಂಪಿನಲ್ಲಿ ಬಹಳ ಮಂದಿ ನಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿ. ಸಂವಿಧಾನದ 341ನೇ ವಿಧಿಯ ಪ್ರಕಾರ ಪರಿಶಿಷ್ಟ ಜಾತಿಯ ಪಟ್ಟಿ ರಾಜ್ಯಕ್ಕೊಂದು. ರೈಲು ಹತ್ತಿ ರಾಜ್ಯದ ಗಡಿ ದಾಟಿದವರ ಹಿಂದೆ ಪಟ್ಟಿ ಬರುವುದಿಲ್ಲ. ಇಲ್ಲಿನ ಪಟ್ಟಿಗೂ ತಮ್ಮ ಹೆಸರು ಸೇರಿಸಿ ಎಂದು ಕ್ಯಾಂಪಿನವರು ಕೇಳುತ್ತಲೇ ಬಂದಿದ್ದಾರೆ. ಕಾಲೇಜಿಗೆ ಅರ್ಜಿ ಹಾಕುವ ಹುಡುಗಿಗೆ ಇದು ಬರೇ ಉಚ್ಚಾರದ ಪ್ರಶ್ನೆಯಲ್ಲ.

ಕಾಗದದ ಪದಗಳ ಕಡೆ ಹೋದರೆ ಇನ್ನೂ ಸ್ವಾರಸ್ಯ. ಆರ್‌ಟಿಸಿ ತೆಗೆಸಲು ನಾಡಕಚೇರಿ ಮುಂದೆ ನಿಲ್ಲದವರು ಯಾರಿದ್ದಾರೆ? ಅದರ ಆರ್ ಅಂದರೆ ರೆಕಾರ್ಡ್. ನಾಮಪದವಾದರೆ ‘ರೆ’ ಮೇಲೆ ಒತ್ತು. ‘ಹಾಡು ರಿಕಾರ್ಡ್ ಮಾಡು’ ಎಂಬ ಅರ್ಥದ ಕ್ರಿಯಾಪದವಾದರೆ ರಿಕಾರ್ಡ್, ಒತ್ತು ಮುಂದಕ್ಕೆ. ಈ ಪದದ ಒಳಗೆ ಲ್ಯಾಟಿನ್ನಿನ ‘ಕೋರ್’ ಇದೆ. ಕೋರ್ ಅಂದರೆ ಹೃದಯ. ರೆಕಾರ್ಡ್ ಅಂದರೆ ಮತ್ತೆ ಎದೆಗೆ ತಂದುಕೊಳ್ಳುವುದು, ನೆನಪು ಮಾಡಿಕೊಳ್ಳುವುದು. ಆಮೇಲೆ ಅದು ಬರೆದಿಟ್ಟ ನೆನಪಾಯಿತು. ನಾವು ಅದೇ ಕಾಗದಕ್ಕೆ ಪಹಣಿ ಅನ್ನುತ್ತೇವೆ. ಅದು ಮರಾಠಿಯ ‘ನೋಡು’ ಎಂಬ ಮಾತಿನಿಂದ ಬಂದದ್ದು, ಹೊಲಕ್ಕೆ ಹೋಗಿ ಬೆಳೆ ನೋಡಿ ಬರೆಯುವುದು. ಇಂಗ್ಲಿಷಿನವರು ನೆನಪಿಟ್ಟರು, ಮರಾಠಿಯವರು ನೋಡಿದರು. ನಮಗೆ ಎರಡೂ ಬೇಕು.

ಬರೆದಿಟ್ಟ ನೆನಪು ಏನು ಮಾಡಬಲ್ಲದು ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಮಸ್ಕಿಯ ಗುಡ್ಡದ ಬಂಡೆಯ ಮೇಲಿನ ಶಾಸನವನ್ನು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡುಹಿಡಿದರು. ಬೇರೆ ಕಡೆಯ ಶಾಸನಗಳಲ್ಲಿ ಅದುವರೆಗೆ ದೇವರಿಗೆ ಪ್ರಿಯನಾದ ರಾಜ ಎಂಬ ಬಿರುದು ಮಾತ್ರ ಸಿಗುತ್ತಿತ್ತು. ಮಸ್ಕಿಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ಅಷ್ಟು ದೊಡ್ಡ ಚಕ್ರವರ್ತಿಯ ಗುರುತಿಗೂ ಒಂದು ದಾಖಲೆ ಬೇಕಾಯಿತು.

ರಶೀದಿ ಬಗ್ಗೆ ನಾನು ಬಹಳ ದಿನ ತಪ್ಪು ತಿಳಿದಿದ್ದೆ. ಇಂಗ್ಲಿಷಿನ ರಿಸೀಟ್ ನಮ್ಮ ಬಾಯಲ್ಲಿ ರಶೀದಿ ಆಗಿದೆ ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. ರಶೀದಿ ಪಾರ್ಸಿ ಭಾಷೆಯ ‘ರಸೀದ್’, ಅಂದರೆ ತಲುಪಿತು, ಮುಟ್ಟಿತು. ನಿಜಾಮರ ಕಚೇರಿಗಳಲ್ಲಿ ಮೊದಲು ಪಾರ್ಸಿ, ಆಮೇಲೆ ಉರ್ದು ನಡೆಯುತ್ತಿತ್ತು. ಅಲ್ಲಿಂದ ನಮಗೆ ಬಂದ ತಹಸೀಲ್ದಾರ, ದಫ್ತರ, ಜಮೀನುಗಳ ಜೊತೆ ಇದೂ ಬಂತು. ಇಂಗ್ಲಿಷಿನ ರಿಸೀಟ್ ಲ್ಯಾಟಿನ್ನಿನಿಂದ ಬಂದದ್ದು, ಅದರ ನಡುವಿನ ‘ಪಿ’ ಬರೆಯಬೇಕು, ಆಡಬಾರದು. ಎರಡು ಬೇರೆ ಬೇರೆ ಮನೆಯ ಪದಗಳು ಒಂದೇ ಮುಖ ಹೊತ್ತು ಬಂದು ಒಂದೇ ಕೌಂಟರಿನಲ್ಲಿ ನಿಂತಿವೆ.

ರೆವೆನ್ಯೂ ಅಂದರೆ ‘ವಾಪಸ್ ಬಂದದ್ದು’. ಹೊಲದಿಂದ ಸರ್ಕಾರಕ್ಕೆ ಬಂದದ್ದು, ಕಂದಾಯ. ನಮ್ಮ ಜನ ರೆವಿನ್ಯೂ ಅನ್ನುತ್ತಾರೆ. ಕಂದಾಯ ಗ್ರಾಮ ಎಂಬ ಮಾತು ತಾಂಡಾ, ಹಟ್ಟಿ, ಹಾಡಿ, ಕ್ಯಾಂಪುಗಳವರಿಗೆ ಚೆನ್ನಾಗಿ ಗೊತ್ತು. ಜನ ಇದ್ದಾರೆ, ಮನೆ ಇವೆ, ಮತದಾನ ನಡೆಯುತ್ತದೆ, ಆದರೆ ರೆವೆನ್ಯೂ ರೆಕಾರ್ಡಿನಲ್ಲಿ ಊರೇ ಇಲ್ಲ ಅನ್ನುವ ಸ್ಥಿತಿ ಎಷ್ಟೋ ವಸತಿಗಳದ್ದು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿಯಿಂದ ತಾಂಡಾಗಳ ಸಾವಿರಾರು ಕುಟುಂಬಗಳಿಗೆ ಹಕ್ಕುಪತ್ರ ಕೊಡಿಸಿದ್ದು ಇದೇ ಕೆಲಸದ ಭಾಗ. ನಮ್ಮ ರಾಯಚೂರು ಜಿಲ್ಲೆಯವರೂ ಅದರಲ್ಲಿದ್ದರು.

ಇನ್ನು ರೆಜಿಸ್ಟ್ರೇಷನ್. ನಮಗೆ ಆರ್‌ಸಿ ಅಂದರೆ ಗಾಡಿಯ ಕಾಗದ. ಬೈಲುಕುಪ್ಪೆಯ, ಮುಂಡಗೋಡದ ಟಿಬೆಟಿಯನ್ನರಿಗೆ ಆರ್‌ಸಿ ಅಂದರೆ ತಮ್ಮ ಗುರುತೇ, ವಿದೇಶಿಯರಾಗಿ ನೋಂದಾಯಿಸಿಕೊಂಡ ಪ್ರಮಾಣಪತ್ರ. ಸುಳ್ಯ ಕಡೆ ರಬ್ಬರ್ ತೋಟಗಳಲ್ಲಿರುವ ಶ್ರೀಲಂಕಾದ ತಮಿಳರ ಕಾಗದದಲ್ಲಿ ಇನ್ನೊಂದು ‘ಆರ್, ಇ’ ಪದ ಇದೆ, ರಿಪೇಟ್ರಿಯೇಟ್. ತಾಯ್ನಾಡಿಗೆ ವಾಪಸ್ ಬಂದವರು. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಡಿ ಬಂದ ಅವರಿಗೆ ಭಾರತದ ಪೌರತ್ವ ಒಪ್ಪಂದದಲ್ಲೇ ಇತ್ತು. ಒಂದೇ ಕರ್ನಾಟಕದಲ್ಲಿ ದೇಶ ಬಿಟ್ಟು ಬಂದ ಮೂರು ಥರದ ಜನ, ಅವರ ಕಾಗದದ ಮೇಲೆ ‘ಆರ್, ಇ’ಯ ಮೂರು ಬೇರೆ ಪದ, ಮೂರು ಬೇರೆ ಹಣೆಬರಹ.

ಸಿಂಧನೂರಿನವರದ್ದು ನಡುವಿನ ಗಂಟು. ಇಲ್ಲಿ ಹುಟ್ಟಿದವರಿಗೆ ಹುಟ್ಟಿದ ದಿನಾಂಕ ನೋಡಿ ಕಾನೂನು ಬೇರೆ ಬೇರೆ. 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆ. ಆಮೇಲೆ ಹುಟ್ಟಿದವರಿಗೆ ಅಪ್ಪ ಅಥವಾ ಅವ್ವ ಪ್ರಜೆಯಾಗಿರಬೇಕು. 2004ರ ಡಿಸೆಂಬರಿನಿಂದ ನಿಯಮ ಇನ್ನೂ ಬಿಗಿ. ಅಲ್ಲಿಂದ ಬಂದವರಿಗೆ ಇರುವ ದಾರಿ 1955ರ ಪೌರತ್ವ ಕಾಯ್ದೆಯ ನೋಂದಣಿ, ಅಂದರೆ ರೆಜಿಸ್ಟ್ರೇಷನ್, ಇಲ್ಲವೇ ದೇಶೀಕರಣ. 2019ರಲ್ಲಿ ತಿದ್ದುಪಡಿ ಬಂತು, ಅದರ ನಿಯಮ ಹೊರಬಿದ್ದದ್ದು 2024ರ ಮಾರ್ಚ್ 11ರಂದು. ಅದೇ ವರ್ಷ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳ ಕೆಲವರ ಕೈಗೆ ಪ್ರಮಾಣಪತ್ರ ಬಂತು. ಆ ಕಾಯ್ದೆ ಸರಿಯೋ ತಪ್ಪೋ ಎಂಬ ದೊಡ್ಡ ಜಗಳ ಇದೆ, ಅದರಲ್ಲಿ ನನಗೂ ಅಭಿಪ್ರಾಯ ಇದೆ, ಇಲ್ಲಿ ಅದು ಬೇಡ. ಇಷ್ಟು ಮಾತ್ರ ಹೇಳುತ್ತೇನೆ: ಐವತ್ತು ಬೆಳೆ ಕೊಯ್ದ ಮುದುಕನೊಬ್ಬ ತಾನು ಇಲ್ಲಿಯವ ಎಂದು ಸಾಬೀತು ಮಾಡಲು ಟ್ರಂಕಿನ ತಳದಿಂದ ಮಾಸಿದ ಕಾಗದ ತೆಗೆಯುವುದನ್ನು ನೋಡಿದವರಿಗೆ ‘ರೆಕಾರ್ಡ್’ ಪದದಲ್ಲಿ ಎದೆ ಯಾಕಿದೆ ಅಂತ ಗೊತ್ತಾಗುತ್ತದೆ.

ಈಗ ಬೋರ್ಡಿಗೆ ವಾಪಸ್. ರಿಹ್ಯಾಬಿಲಿಟೇಷನ್ ಪದವನ್ನು ಇಂಗ್ಲಿಷಿನವರು ‘ರೀ’ ಎಂದೇ ಎಳೆದು ಶುರು ಮಾಡುತ್ತಾರೆ: ರೀಅಬಿಲಿಟೇಷನ್, ನಡುವಿನ ‘ಹ’ ಕೇಳಿಸಿಯೂ ಕೇಳಿಸದ ಹಾಗೆ. ಅಂದರೆ ಬೋರ್ಡಿನಲ್ಲಿ ಮೆರೆಯುವ ಎಚ್ ಬಾಯಲ್ಲಿ ಅರ್ಧ ಮಾತ್ರ ಇದೆ. ಕನ್ನಡದಲ್ಲಿ ಪುನರ್ವಸತಿ ಅಂದುಬಿಟ್ಟೆವು, ಮತ್ತೆ ಮನೆ ಕೊಡುವುದು. ಮೂಲ ಪದದಲ್ಲಿ ಮನೆಯೇ ಇಲ್ಲ. ಅದರೊಳಗೆ ಇರುವುದು ‘ಹಾಬಿಲಿಸ್’, ಅಂದರೆ ಸಮರ್ಥ, ಅರ್ಹ. ಯುರೋಪಿನಲ್ಲಿ ಮೊದಲು ಆ ಪದ ಬಳಸಿದ್ದು ಸ್ಥಾನಮಾನ, ಹಕ್ಕು, ಮರ್ಯಾದೆ ಕಳೆದುಕೊಂಡವರಿಗೆ ಅದನ್ನು ವಾಪಸ್ ಕೊಡುವುದಕ್ಕೆ. ಫ್ರಾನ್ಸಿನಲ್ಲಿ ಜೋನ್ ಆಫ್ ಆರ್ಕ್ ಎಂಬ ಹುಡುಗಿಯನ್ನು 1431ರಲ್ಲಿ ಧರ್ಮದ್ರೋಹಿ ಎಂದು ಸುಟ್ಟರು. 1456ರಲ್ಲಿ ಮರುವಿಚಾರಣೆ ಮಾಡಿ ಆ ತೀರ್ಪು ತಪ್ಪು ಎಂದರು. ಚರಿತ್ರೆಯಲ್ಲಿ ಅದಕ್ಕೆ ರಿಹ್ಯಾಬಿಲಿಟೇಷನ್ ವಿಚಾರಣೆ ಎಂದೇ ಹೆಸರು. ಸತ್ತವಳಿಗೆ ಮನೆ ಕೊಡಲಾಗುತ್ತದೆಯೇ? ಕೊಟ್ಟದ್ದು ಹೆಸರು.

ಇದನ್ನೆಲ್ಲ ಗುಡ್ಡೆ ಹಾಕಿಕೊಂಡು ಒಂದು ಸಂಜೆ ಕಾಕಾ ಮನೆಗೆ ಹೋದೆ. ಚಹಾ ಬಂತು. ಆರ್.ಎಚ್. ಅಂದರೆ ರೆಫ್ಯೂಜಿ ಅಲ್ಲ, ಮೊದಲಿದ್ದ ಮಾನ ಮತ್ತೆ ಕೊಡುವುದು ಅಂತ ಪದದ ಹಳೇ ಅರ್ಥ ಎಂದು ವಿವರಿಸಿದೆ. ಅವರು ಬಹಳ ಹೊತ್ತು ಕೇಳಿದರು. ಆಮೇಲೆ ಒಳಗೆ ಓದುತ್ತಿದ್ದ ಮೊಮ್ಮಗಳನ್ನು ಕರೆದು, ಅವಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಆ ಉದ್ದ ಸ್ಪೆಲಿಂಗ್ ಬರೆಸಿಕೊಂಡರು. ಹದಿನಾಲ್ಕು ಅಕ್ಷರ. ಅವಳು ಒಂದೊಂದೇ ಎಣಿಸಿದಳು.

“ಇಷ್ಟು ಉದ್ದ ಐತಿ, ಅದಕ್ಕ ಎರಡs ಅಕ್ಷರ ಕೊಟ್ಟಾರ” ಅಂದರು ಕಾಕಾ. “ಮುಂದಿನ ಸಲ ಏನಂತ ಬರೀತಿ?”

“ಆರ್.ಎಚ್. ಕ್ಯಾಂಪಿನ ರೈತರು ಅಂತ ಬರೀತೀನಿ ರೀ.”

“ಹಾಂ, ಅಷ್ಟು ಸಾಕು. ನೀರು ಬಂತೇನು ಅನ್ನೋದನ್ನೂ ಬರಿ.”

ಆ ವಾರ ಕೊನೆಭಾಗಕ್ಕೆ ನೀರು ಬಂದಿರಲಿಲ್ಲ. ಅದನ್ನೇ ಬರೆದೆ.